ಓದಿಗೆ ಪುಸ್ತಕವನ್ನು ಆರಿಸುವವರು ಯಾರು?



ನಮ್ಮ ಶಾಲೆಯ ಪುಸ್ತಕದ ಕಪಾಟಿನ ಬೀಗದ ಕೈ ಕೆಲವು ವರ್ಷಗಳಿಂದ ನನ್ನ ಬಳಿ ಇದೆಯೆಂಬುದು ನಿಮಗೆಲ್ಲ ತಿಳಿದ ಸಂಗತಿ. ಮೂರು ವರ್ಷಗಳ ಹಿಂದೆ ಒಂದು ಸಂಜೆ, ವಿದ್ಯಾರ್ಥಿಯೊಬ್ಬನ ತಂದೆಯವರು ಕೆಲಸ ಮುಗಿಸಿ ನೇರವಾಗಿ ಶಾಲೆಗೆ ಬಂದು, ಒಂದು ಕಾದಂಬರಿಯನ್ನು ನನ್ನ ಮೇಜಿನ ಮೇಲಿಟ್ಟು, "ಮಾಸ್ತರರೇ, ಇದು ಮಕ್ಕಳು ಓದತಕ್ಕ ಪುಸ್ತಕವಲ್ಲ" ಎಂದರು. ನಾನು ಆ ಪುಸ್ತಕವನ್ನು ಓದಿರಲಿಲ್ಲ. ಅವರೂ ಪೂರ್ತಿ ಓದಿರಲಿಲ್ಲವೆಂದು ಆಮೇಲೆ ತಿಳಿಯಿತು. ಆದರೂ "ಆಗಲಿ" ಎಂದು ಒಪ್ಪಿ, ಅದನ್ನು ಮೇಜಿನ ಕೆಳಗಿನ ಖಾನೆಗೆ ಹಾಕಿಬಿಟ್ಟೆ. ಕೆಲವು ದಿನಗಳ ತರುವಾಯ ಒಂಬತ್ತನೆಯ ತರಗತಿಯ ಬಾಲಿಕೆಯೊಬ್ಬಳು ಬಂದು, "ಸರ್, ಆ ಪುಸ್ತಕವನ್ನು ಅರ್ಧ ಓದಿದ್ದೆ, ಈಗ ಕಪಾಟಿನಲ್ಲಿ ಕಾಣುವುದಿಲ್ಲವಲ್ಲ?" ಎಂದು ಕೇಳಿದಳು. ಅದನ್ನು ಏಕೆ ತೆಗೆದೆನೆಂದು ಹೇಳಲು ನನ್ನಲ್ಲಿ ಕಾರಣವೇ ಇರಲಿಲ್ಲ. "ನೋಡೋಣ" ಎಂದು ಹೇಳಿ ಅವಳನ್ನು ಕಳುಹಿಸಿದೆ.

ಆಕೆಯ ಪ್ರಶ್ನೆ ಚಿಕ್ಕದು. ಅದರ ಹಿಂದಿರುವ ಪ್ರಶ್ನೆ ದೊಡ್ಡದು. ಶಾಲೆಯಲ್ಲಿ ಮಕ್ಕಳು ಏನನ್ನು ಓದಬೇಕು, ಏನನ್ನು ಓದಬಹುದು ಎಂಬುದನ್ನು ನಿರ್ಧರಿಸುವ ಅಧಿಕಾರ ಯಾರದು? ಸರಕಾರದ್ದೆ? ಶಾಲೆಯನ್ನು ನಡೆಸುವ ಸಂಸ್ಥೆಯದೆ? ಶಿಕ್ಷಕರದೆ? ತಾಯ್ತಂದೆಯರದೆ? ಅಥವಾ ಓದುವವರಾದ ನಿಮ್ಮದೆ? 'ಓದಬೇಕು', 'ಓದಬಹುದು' ಎಂಬ ಎರಡು ಮಾತುಗಳನ್ನು ನಾನು ಬೇಕೆಂದೇ ಬೇರೆ ಬೇರೆಯಾಗಿ ಹೇಳಿದ್ದೇನೆ. ಮೊದಲನೆಯದು ಪಠ್ಯಕ್ರಮಕ್ಕೆ ಸಂಬಂಧಿಸಿದ್ದು, ಎರಡನೆಯದು ಗ್ರಂಥಾಲಯಕ್ಕೆ. ಇವೆರಡನ್ನೂ ಒಂದೇ ಎಂದು ಬಗೆಯುವುದರಿಂದಲೇ ಬಹಳಷ್ಟು ಗೊಂದಲ ಉಂಟಾಗುತ್ತದೆ.

ಮೊದಲು ಪಠ್ಯಪುಸ್ತಕದ ಮಾತು. ನಿಮ್ಮ ಚೀಲದಲ್ಲಿರುವ ಕನ್ನಡ ಪುಸ್ತಕವನ್ನು ತೆರೆದು ನೋಡಿರಿ. ಅದು ಬೆಂಗಳೂರಿನಿಂದ ಬಂದುದಲ್ಲ; ಪುಣೆಯ 'ಬಾಲಭಾರತಿ'ಯಿಂದ ಬಂದುದು. 1967ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯು ಮಹಾರಾಷ್ಟ್ರ ರಾಜ್ಯಕ್ಕಾಗಿ ಮರಾಠಿಯೊಂದಿಗೆ ಕನ್ನಡ, ಗುಜರಾತಿ, ಉರ್ದು, ಹಿಂದಿ, ಇಂಗ್ಲಿಷ್ ಮೊದಲಾದ ಭಾಷೆಗಳಲ್ಲಿಯೂ ಪಠ್ಯಪುಸ್ತಕಗಳನ್ನು ಪ್ರಕಟಿಸುತ್ತದೆ. ರಜೆಯಲ್ಲಿ ಊರಿಗೆ ಹೋದಾಗ ನಿಮ್ಮ ಸೋದರಮಾವನ ಮಗನ ಪುಸ್ತಕವನ್ನು ನೋಡಿದರೆ, ಅದೂ ಕನ್ನಡವೇ, ಆದರೆ ಪಾಠಗಳು ಬೇರೆ. ನೀವು ಶಿವಾಜಿ ಮಹಾರಾಜರ ಚರಿತ್ರೆಯನ್ನು ಕನ್ನಡದಲ್ಲಿ ಓದಿ ಬೆಳೆದವರು. ಭಾಷೆ ಒಂದೇ ಆದರೂ ಪಠ್ಯವನ್ನು ಗೊತ್ತುಪಡಿಸುವ ಅಧಿಕಾರ ಆಯಾ ರಾಜ್ಯದ್ದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಹೀಗೇಕೆ? ಪಠ್ಯಪುಸ್ತಕವು ಕಡ್ಡಾಯವಾದುದು. ಮುಂಬಯಿಯ ನೀವೂ, ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಕನ್ನಡ ಶಾಲೆಗಳ ಮಕ್ಕಳೂ ಕೊನೆಗೆ ಬರೆಯುವುದು ಒಂದೇ ಪರೀಕ್ಷೆ. ಪ್ರತಿಯೊಂದು ಶಾಲೆಯೂ ತನಗೆ ತೋಚಿದುದನ್ನು ಕಲಿಸಿದರೆ, ತಂದೆಯ ವರ್ಗಾವಣೆಯಿಂದ ಊರು ಬದಲಿಸಿದ ಬಾಲಕನ ಗತಿಯೇನು? ಆದುದರಿಂದ ಎಲ್ಲರೂ ಓದಲೇಬೇಕಾದ ಭಾಗವನ್ನು ಸಾರ್ವಜನಿಕ ಸಂಸ್ಥೆಯೊಂದು ನಿಶ್ಚಯಿಸುವುದು ಯುಕ್ತವಾಗಿದೆ. ಶಿಕ್ಷಣವು 1976ರ ವರೆಗೆ ನಮ್ಮ ಸಂವಿಧಾನದ ರಾಜ್ಯಪಟ್ಟಿಯಲ್ಲಿತ್ತು. ಆ ವರ್ಷದ 42ನೆಯ ತಿದ್ದುಪಡಿಯಿಂದ ಕೇಂದ್ರ, ರಾಜ್ಯಗಳೆರಡಕ್ಕೂ ಅಧಿಕಾರವಿರುವ ಸಮವರ್ತಿ ಪಟ್ಟಿಗೆ ಸೇರಿತು. 2009ರ ಶಿಕ್ಷಣ ಹಕ್ಕು ಕಾಯಿದೆಯು, ಎಂಟನೆಯ ತರಗತಿಯ ವರೆಗಿನ ಪಠ್ಯಕ್ರಮವನ್ನು ಸರಕಾರ ಗೊತ್ತುಪಡಿಸಿದ ಶೈಕ್ಷಣಿಕ ಪ್ರಾಧಿಕಾರವು ರೂಪಿಸಬೇಕೆಂದು ಹೇಳಿ, ಆ ಪ್ರಾಧಿಕಾರದ ಕೈಗೂ ಕೆಲವು ಕಟ್ಟುಗಳನ್ನು ಹಾಕಿದೆ. ಪಠ್ಯವು ಸಂವಿಧಾನದ ಮೌಲ್ಯಗಳಿಗೆ ಅನುಗುಣವಾಗಿರಬೇಕು; ಮಗುವನ್ನು ಭಯದಿಂದ ಬಿಡಿಸಿ, ತನ್ನ ಅಭಿಪ್ರಾಯವನ್ನು ಮುಕ್ತವಾಗಿ ಹೇಳಲು ನೆರವಾಗಬೇಕು; ಸಾಧ್ಯವಿದ್ದಷ್ಟು ಮಟ್ಟಿಗೆ ಬೋಧನೆ ಮಾತೃಭಾಷೆಯಲ್ಲಿರಬೇಕು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕೆಂಬ ವಿಧಿಯು 1956ರಲ್ಲಿಯೇ ಸಂವಿಧಾನವನ್ನು ಸೇರಿದೆ.

ಆದರೆ ಅಧಿಕಾರವಿದ್ದ ಮಾತ್ರಕ್ಕೆ ಅದರ ಬಳಕೆ ಯಾವಾಗಲೂ ವಿವೇಕಯುತವಾಗಿರುವುದೆಂದಲ್ಲ. ಪಂಜಾಬದಲ್ಲಿ ಹಿಂದೆ ಪ್ರಕಾಶಕರು ಬರೆಯಿಸಿದ ಪುಸ್ತಕಗಳಲ್ಲಿ ಕೆಲವನ್ನು ಸರಕಾರವು ಒಪ್ಪುತ್ತಿತ್ತು. ಅವುಗಳಲ್ಲಿ ತಮಗೆ ಬೇಕಾದುದನ್ನು ಮುಖ್ಯೋಪಾಧ್ಯಾಯರು ಆರಿಸಿಕೊಳ್ಳುತ್ತಿದ್ದರು. 1950ರಿಂದ ಸರಕಾರವೇ ಪಠ್ಯಪುಸ್ತಕಗಳ ಪ್ರಕಟಣೆಯನ್ನು ಕೈಗೆತ್ತಿಕೊಂಡು, ಈ ಆಯ್ಕೆಗೆ ಎಡೆಯಿಲ್ಲದಂತೆ ಮಾಡಿತು. ಪ್ರಕಾಶಕರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಲೇರಿದರು. ಸರಕಾರಕ್ಕೆ ಈ ಅಧಿಕಾರವುಂಟೆಂದೂ, ತಮ್ಮ ಪುಸ್ತಕಗಳನ್ನೇ ಆರಿಸಬೇಕೆಂದು ಕೇಳುವ ಹಕ್ಕು ಪ್ರಕಾಶಕರಿಗಿಲ್ಲವೆಂದೂ 1955ರಲ್ಲಿ ತೀರ್ಪಾಯಿತು. ಕರ್ನಾಟಕದಲ್ಲಿ 2022ರಲ್ಲಿ ನಡೆದ ಪಠ್ಯಪರಿಷ್ಕರಣವು ದೊಡ್ಡ ವಿವಾದಕ್ಕೆ ಗುರಿಯಾಯಿತು. 2023ರಲ್ಲಿ ಸರಕಾರ ಬದಲಾದೊಡನೆ ಪಾಠಗಳೂ ಮತ್ತೆ ಬದಲಾದುವು. ಯಾವ ಪಕ್ಷದ್ದು ಸರಿ ಎಂದು ತೀರ್ಮಾನಿಸುವುದು ಈ ಲೇಖನದ ಉದ್ದೇಶವಲ್ಲ. ಪಾಠವನ್ನು ಸೇರಿಸುವವರೂ ತೆಗೆಯುವವರೂ ತಮ್ಮ ಕಾರಣವನ್ನು ಬಹಿರಂಗವಾಗಿ ಹೇಳಬೇಕು, ವಿಷಯ ಬಲ್ಲವರ ಮತ್ತು ತರಗತಿಯಲ್ಲಿ ನಿಂತು ಕಲಿಸುವವರ ಮಾತನ್ನು ಕೇಳಬೇಕು ಎಂಬಷ್ಟನ್ನು ನಾವೆಲ್ಲರೂ ಒಪ್ಪಬಹುದು.

ಪಂಜಾಬದ ವ್ಯಾಜ್ಯದಲ್ಲಿ ವಾದಿಗಳು ಪ್ರಕಾಶಕರು, ಪ್ರತಿವಾದಿ ಸರಕಾರ. ಓದುವ ವಿದ್ಯಾರ್ಥಿ ಅಲ್ಲಿರಲಿಲ್ಲ. ಇನ್ನು ವಿದ್ಯಾರ್ಥಿಗಳೇ ವಾದಿಗಳಾಗಿ ನಿಂತ ಒಂದು ಪ್ರಸಂಗವನ್ನು ಹೇಳುತ್ತೇನೆ. ಅದು ನಡೆದುದು ದೂರದ ಅಮೆರಿಕದಲ್ಲಿ. ನಮ್ಮ ನ್ಯಾಯಾಲಯಗಳಿಗೆ ಅದು ಕಟ್ಟಲ್ಲ. ಆದರೆ ಪಠ್ಯಕ್ರಮಕ್ಕೂ ಗ್ರಂಥಾಲಯಕ್ಕೂ ಇರುವ ಅಂತರವನ್ನು ಅಷ್ಟು ಸ್ಪಷ್ಟವಾಗಿ ತೋರಿಸುವ ಬೇರೊಂದು ಪ್ರಸಂಗವನ್ನು ನಾನು ಕಾಣೆ.

ನ್ಯೂಯಾರ್ಕ್ ರಾಜ್ಯದ ಐಲೆಂಡ್ ಟ್ರೀಸ್ ಎಂಬ ಶಾಲಾ ಜಿಲ್ಲೆಯ ಆಡಳಿತವು, ಅಲ್ಲಿಯ ಪದ್ಧತಿಯಂತೆ, ಜನರು ಚುನಾಯಿಸಿದ ಶಾಲಾ ಮಂಡಲಿಯದು. 1975ರಲ್ಲಿ ಮಂಡಲಿಯ ಕೆಲವು ಸದಸ್ಯರು ಒಂದು ಸಮ್ಮೇಳನಕ್ಕೆ ಹೋಗಿ, ಆಕ್ಷೇಪಾರ್ಹವೆನ್ನಲಾದ ಪುಸ್ತಕಗಳ ಪಟ್ಟಿಯೊಂದನ್ನು ತಂದರು. ಆ ಪಟ್ಟಿಯಲ್ಲಿದ್ದ ಪುಸ್ತಕಗಳು ತಮ್ಮ ಶಾಲೆಗಳಲ್ಲಿಯೂ ಇರುವುದು ಕಂಡುಬಂದು, 1976ರಲ್ಲಿ 11 ಪುಸ್ತಕಗಳನ್ನು ತೆಗೆಯಿಸಿದರು. ಬಳಿಕ ನಾಲ್ವರು ಪಾಲಕರು, ನಾಲ್ವರು ಶಾಲಾ ನೌಕರರು ಇದ್ದ ಸಮಿತಿಯೊಂದನ್ನು ಮಂಡಲಿಯೇ ನೇಮಿಸಿತು. ಸಮಿತಿಯು ಪುಸ್ತಕಗಳನ್ನು ಓದಿ, ಐದನ್ನು ಇರಿಸಿಕೊಳ್ಳಬೇಕು, ಎರಡನ್ನು ಮಾತ್ರ ತೆಗೆಯಬೇಕು ಎಂದಿತು. ಉಳಿದವುಗಳ ವಿಷಯದಲ್ಲಿ ಅದಕ್ಕೆ ಹೀಗೆಯೇ ಎಂದು ನಿರ್ಧರಿಸಲಾಗಲಿಲ್ಲ, ಇಲ್ಲವೆ ಅದು ಷರತ್ತು ಹಾಕಿತು. ಮಂಡಲಿಯು ತಾನು ನೇಮಿಸಿದ ಸಮಿತಿಯ ಮಾತನ್ನೇ ಬದಿಗೊತ್ತಿ, ಒಂಬತ್ತು ಪುಸ್ತಕಗಳನ್ನು ಹೊರಗಿಟ್ಟಿತು, ಒಂದನ್ನು ಮರಳಿಸಿತು, ಮತ್ತೊಂದನ್ನು ತಾಯ್ತಂದೆಯರ ಅನುಮತಿಯಿದ್ದರೆ ಮಾತ್ರ ಕೊಡಬಹುದೆಂದಿತು. ಈ ಕೊನೆಯ ಪುಸ್ತಕವು ರಿಚರ್ಡ್ ರೈಟ್ ಎಂಬ ನೀಗ್ರೋ ಲೇಖಕನ ಆತ್ಮಕಥೆ. ಕರಿಯರಿಗೆ ಪುಸ್ತಕ ಕೊಡದ ಊರಿನಲ್ಲಿ, ಬಿಳಿಯನೊಬ್ಬನ ಕಾರ್ಡನ್ನು ಪಡೆದು, ಅವನಿಗಾಗಿ ಒಯ್ಯುವವನಂತೆ ನಟಿಸಿ ತಾನು ಗ್ರಂಥಗಳನ್ನು ಓದಿದ ಕಥೆಯನ್ನು ಆತನು ಅದರಲ್ಲಿ ಹೇಳಿದ್ದಾನೆ. ಗ್ರಂಥಾಲಯದ ಬಾಗಿಲಿಗಾಗಿ ಹಂಬಲಿಸಿದವನ ಪುಸ್ತಕಕ್ಕೇ ಗ್ರಂಥಾಲಯದ ಬಾಗಿಲು ಅರ್ಧ ಮುಚ್ಚಿತು!

1977ರಲ್ಲಿ ಸ್ಟೀವನ್ ಪೀಕೊ ಎಂಬ 17 ವರ್ಷದ ವಿದ್ಯಾರ್ಥಿಯೂ ಇನ್ನು ನಾಲ್ವರು ವಿದ್ಯಾರ್ಥಿಗಳೂ ಮಂಡಲಿಯ ಮೇಲೆ ದಾವೆ ಹೂಡಿದರು. ಅದು 1982ನೆಯ ಇಸವಿಯ ಜೂನ್ 25ರಂದು ಆ ದೇಶದ ಸರ್ವೋಚ್ಚ ನ್ಯಾಯಾಲಯದಲ್ಲಿ ಇತ್ಯರ್ಥವಾಯಿತು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಐವರು ವಿದ್ಯಾರ್ಥಿಗಳ ದಾವೆ ಮುಂದುವರಿಯಬೇಕೆಂದರು, ನಾಲ್ವರು ಒಪ್ಪಲಿಲ್ಲ. ಮುಖ್ಯ ಅಭಿಪ್ರಾಯವನ್ನು ಬರೆದ ನ್ಯಾಯಮೂರ್ತಿ ಬ್ರೆನನ್ನರ ವಿಚಾರದ ಸಾರವಿದು: ಪಠ್ಯಕ್ರಮದಲ್ಲಿ ಮಂಡಲಿಗೆ ವಿಶಾಲವಾದ ಅಧಿಕಾರವಿರಬಹುದು, ಆದರೆ ಗ್ರಂಥಾಲಯಕ್ಕೆ ವಿದ್ಯಾರ್ಥಿಯು ಸ್ವಂತ ಇಚ್ಛೆಯಿಂದ ಹೋಗುತ್ತಾನೆ, ಆದುದರಿಂದ ಅಲ್ಲಿ ಆ ಅಧಿಕಾರಕ್ಕೆ ಮಿತಿಯುಂಟು. ಪುಸ್ತಕವು ಅಸಭ್ಯವಾಗಿದ್ದರೆ ಅಥವಾ ಶಿಕ್ಷಣಕ್ಕೆ ಅನುಪಯುಕ್ತವಾಗಿದ್ದರೆ ತೆಗೆಯಬಹುದು. ಅದರೊಳಗಿನ ವಿಚಾರ ತಮಗೆ ಹಿಡಿಸಲಿಲ್ಲವೆಂದು ತೆಗೆಯಲಾಗದು. ಅದೇ ವರ್ಷ ಮಂಡಲಿಯು ಪುಸ್ತಕಗಳನ್ನು ಮರಳಿ ಇರಿಸಲು ನಿರ್ಣಯಿಸಿತು.

ಎದುರು ಪಕ್ಷದ ವಾದವನ್ನೂ ಕೇಳುವುದು ನ್ಯಾಯ. ಶಾಲೆಯನ್ನು ನಡೆಸುವ ಹೊಣೆ ಜನರು ಚುನಾಯಿಸಿದವರದು, ನ್ಯಾಯಾಧೀಶರದಲ್ಲ. ಶಾಲೆಯಲ್ಲಿ ದೊರೆಯದ ಪುಸ್ತಕವು ಅಂಗಡಿಯಲ್ಲಿಯೋ ಊರ ಗ್ರಂಥಾಲಯದಲ್ಲಿಯೋ ದೊರೆಯುತ್ತದೆ ಎಂದು ಒಪ್ಪದ ನ್ಯಾಯಮೂರ್ತಿಗಳು ಹೇಳಿದರು. ಈ ವಾದ ಇಂದಿಗೂ ಬಲವಾಗಿಯೇ ಇದೆ. ಟೆಕ್ಸಾಸಿನ ಒಂದು ಸಾರ್ವಜನಿಕ ಗ್ರಂಥಾಲಯದ ವ್ಯಾಜ್ಯದಲ್ಲಿ, ಪುಸ್ತಕಗಳನ್ನು ತೆಗೆದುದನ್ನು ಓದುಗರು ತಮ್ಮ ಹಕ್ಕಿನ ಆಧಾರದಿಂದ ಪ್ರಶ್ನಿಸಲಾಗದೆಂದು ಅಲ್ಲಿಯ ಮೇಲ್ಮನವಿ ನ್ಯಾಯಾಲಯವೊಂದು 2025ರ ಮೇ ತಿಂಗಳಲ್ಲಿ ತೀರ್ಪಿತ್ತಿತು.

ಆದರೆ ಅಂಗಡಿಯಲ್ಲಿ ದೊರೆಯುತ್ತದೆಯೆಂಬ ಮಾತನ್ನು ನಮ್ಮ ಮುಂಬಯಿಗೆ ತಂದು ನೋಡಿರಿ. ಮರಾಠಿ, ಇಂಗ್ಲಿಷ್ ಪುಸ್ತಕಗಳು ಬೀದಿಬೀದಿಯಲ್ಲಿ ಸಿಕ್ಕಾವು. ಕನ್ನಡ ಪುಸ್ತಕ ಬೇಕಾದರೆ? ಕನ್ನಡ ಸಂಘಗಳ ಕೆಲವೇ ವಾಚನಾಲಯಗಳಿಗೆ ಲೋಕಲ್ ಗಾಡಿ ಹಿಡಿದು ಹೋಗಬೇಕು. ಇಲ್ಲವೆ ಊರಿಗೆ ಹೋಗುವ ರಜೆಯನ್ನು ಕಾಯಬೇಕು. ನಿಮ್ಮಲ್ಲಿ ಅನೇಕರಿಗೆ ಪಠ್ಯಪುಸ್ತಕದಾಚೆಗಿನ ಕನ್ನಡವೆಂದರೆ ನಮ್ಮ ಕಪಾಟಿನ ಕನ್ನಡವೇ. ಅಲ್ಲಿಂದ ಒಂದು ಪುಸ್ತಕ ಹೋದರೆ, ನಿಮ್ಮ ಪಾಲಿಗೆ ಅದು ಇಲ್ಲವೇ ಆಯಿತು. ಆದುದರಿಂದ ತೆಗೆಯುವ ಕೈ ಇಲ್ಲಿ ಹೆಚ್ಚು ಎಚ್ಚರದಿಂದಿರಬೇಕು. ಶಿಕ್ಷಣ ಹಕ್ಕು ಕಾಯಿದೆಯು ಪ್ರತಿಯೊಂದು ಶಾಲೆಯಲ್ಲಿಯೂ ಗ್ರಂಥಾಲಯವಿರಬೇಕೆಂದೂ, ಅದರಲ್ಲಿ ವೃತ್ತಪತ್ರಿಕೆಗಳೂ ಕಥೆಯ ಪುಸ್ತಕಗಳೂ ಇರಬೇಕೆಂದೂ ಹೇಳಿದೆ. ಪ್ರತಿಯೊಬ್ಬ ಓದುಗನಿಗೂ ಅವನಿಗೆ ತಕ್ಕ ಗ್ರಂಥ ದೊರೆಯಬೇಕೆಂಬ ತತ್ತ್ವವನ್ನು ಗ್ರಂಥಾಲಯಶಾಸ್ತ್ರಜ್ಞ ಎಸ್. ಆರ್. ರಂಗನಾಥನ್ ಅವರು 1931ರಲ್ಲಿಯೇ ಪ್ರತಿಪಾದಿಸಿದ್ದರು.

ಹಾಗಾದರೆ ತಾಯ್ತಂದೆಯರಿಗೆ ಅಧಿಕಾರವೇ ಇಲ್ಲವೆ? ಖಂಡಿತ ಇದೆ. ತಮ್ಮ ಮಗು ಏನನ್ನು ಓದುತ್ತಿದೆಯೆಂದು ವಿಚಾರಿಸುವುದು ಅವರ ಹಕ್ಕು ಮಾತ್ರವಲ್ಲ, ಕರ್ತವ್ಯವೂ ಹೌದು. ತಮ್ಮ ಮಗುವಿಗೆ ಬೇಡವೆಂದರೆ ನಾನು ಕೊಡಲಾರೆ. ಆದರೆ ಒಬ್ಬರ ಮಗುವಿಗೆ ಬೇಡವಾದುದು ಎಲ್ಲರ ಮಕ್ಕಳಿಗೂ ಬೇಡವೆಂದು ಆ ಒಬ್ಬರೇ ನಿರ್ಧರಿಸಲಾಗದು. ಶಿಕ್ಷಕನಾದ ನಾನೂ ನಿರ್ಧರಿಸಲಾಗದು; ಓದದೆ ನಿರ್ಧರಿಸುವುದಂತೂ ಸರ್ವಥಾ ಸಲ್ಲದು. ಐದನೆಯ ತರಗತಿಗೆ ತಕ್ಕುದು ಬೇರೆ, ಹತ್ತನೆಯ ತರಗತಿಗೆ ತಕ್ಕುದು ಬೇರೆ. ಅದಕ್ಕೆ ಕಪಾಟಿನಲ್ಲಿ ಮೇಲಿನ ಸಾಲು, ಕೆಳಗಿನ ಸಾಲು ಎಂಬ ಏರ್ಪಾಡು ಸಾಕು, ಪುಸ್ತಕವನ್ನು ಅಡಗಿಸಬೇಕಾಗಿಲ್ಲ.

ಆ ಬಾಲಿಕೆ ಕೇಳಿದ ದಿನ ರಾತ್ರಿಯೇ ನಾನು ಆ ಕಾದಂಬರಿಯನ್ನು ಓದಿದೆ. ಮಳೆ ತಪ್ಪಿದ ಊರನ್ನು ಬಿಟ್ಟು ಪಟ್ಟಣ ಸೇರಿ, ಚಾಳಿನ ಒಂದು ಕೋಣೆಯಲ್ಲಿ ಬಾಳು ಕಟ್ಟಿದ ಕುಟುಂಬವೊಂದರ ಕಥೆ ಅದು. ಒಂದು ಪುಟದಲ್ಲಿ ಕುಡುಕನೊಬ್ಬನು ಹೆಂಡತಿಗೆ ಬೈಯುವ ಒರಟು ಮಾತುಗಳಿವೆ. ಆ ತಂದೆಯವರ ಕಣ್ಣಿಗೆ ಬಿದ್ದುದು ಆ ಪುಟ. ಉಳಿದುದೆಲ್ಲ ನನ್ನ ಕಥೆ, ನಿಮ್ಮ ಮನೆಯವರ ಕಥೆ, ಆ ತಂದೆಯವರ ಕಥೆಯೂ ಅಹುದು. ಮರುದಿನ ಪುಸ್ತಕವನ್ನು ಕಪಾಟಿನಲ್ಲಿರಿಸಿ, ತಂದೆಯವರನ್ನು ಕರೆಯಿಸಿ, ನನ್ನ ತಪ್ಪನ್ನು ಒಪ್ಪಿ, ಪೂರ್ತಿ ಓದಬೇಕೆಂದು ಬೇಡಿಕೊಂಡೆ. ಅವರು ಓದಿದರು. ಆ ಪುಟದ ಬಗೆಗೆ ಅವರ ಅಭಿಪ್ರಾಯ ಬದಲಾಗಲಿಲ್ಲ. ಆದರೆ ಪುಸ್ತಕ ದೊಡ್ಡ ತರಗತಿಯ ಸಾಲಿನಲ್ಲಿರಲಿ ಎಂದರು. ಆದರೆ ಆ ಬಾಲಿಕೆಯ ಕುಟುಂಬವು ಅಷ್ಟರಲ್ಲಿ ಬೇರೆ ಊರಿಗೆ ಹೋಗುವ ಸಿದ್ಧತೆಯಲ್ಲಿತ್ತು. ಆಕೆ ಉಳಿದರ್ಧವನ್ನು ಓದಿ ಮುಗಿಸಲಿಲ್ಲವೆಂಬ ಕೊರಗು ನನ್ನಲ್ಲಿ ಉಳಿದಿದೆ.

ಅಂದಿನಿಂದ ಕಪಾಟಿಗೆ ಒಂದು ವಹಿಯನ್ನು ಇರಿಸಿದ್ದೇನೆ. ಆಕ್ಷೇಪವಿರುವವರು ಪುಸ್ತಕವನ್ನು ಪೂರ್ತಿ ಓದಿ, ಕಾರಣವನ್ನು ಅದರಲ್ಲಿ ಬರೆಯಬೇಕು. ಇಬ್ಬರು ಶಿಕ್ಷಕರು, ಇಬ್ಬರು ಪಾಲಕರು, ಮೇಲಿನ ತರಗತಿಯ ಇಬ್ಬರು ವಿದ್ಯಾರ್ಥಿಗಳು ಓದಿ ವಿಚಾರಿಸುವ ವರೆಗೆ ಪುಸ್ತಕವು ತನ್ನ ಸ್ಥಳದಲ್ಲಿಯೇ ಇರಬೇಕು. ಹೊಸ ಪುಸ್ತಕ ಬೇಕೆಂದು ಕೇಳುವವರಿಗೂ ಅದೇ ವಹಿ. ತೆಗೆಯಬೇಕೆಂದು ಬರೆದ ಪುಟಗಳು ಇದುವರೆಗೆ ಎರಡು. ತರಿಸಬೇಕೆಂದು ಬರೆದ ಪುಟಗಳು ಇನ್ನೂ ಒಂದೇ. ವಿದ್ಯಾರ್ಥಿಗಳೇ, ಎರಡನೆಯ ಭಾಗವನ್ನು ತುಂಬಿಸುವ ಕೆಲಸ ನಿಮ್ಮದು. ವಹಿಯು ಕಪಾಟಿನ ಬದಿಯ ಮೊಳೆಗೆ ತೂಗುಹಾಕಿದೆ. ಬರೆಯಲು ಯಾರ ಅಪ್ಪಣೆಯನ್ನೂ ಕಾಯಬೇಕಾಗಿಲ್ಲ.