ಎಲೆಯ ತುದಿಯ ಹನಿ, ಗೋದಾಮಿನ ಪೊಟ್ಯಾಷ್

ಮಳೆಯಿಲ್ಲ, ಆದರೂ ತೋಟದೊಳಗೆ ಟಪ್ ಟಪ್ ಸದ್ದು. ಡಿಸೆಂಬರಿನ ಮಂಜು ರಾತ್ರಿಯಿಡೀ ಸಿಲ್ವರ್ ಓಕಿನ ಎಲೆಗಳಲ್ಲಿ ಕೂತು, ಹನಿಗಟ್ಟಿ, ಈಗ ಕೆಳಗಿನ ಕಾಫಿ ಗಿಡಗಳ ಮೇಲೆ ಇಳಿಯುತ್ತಿದೆ. ಮೇಲೆಲ್ಲೋ ಮಂಜರಾಬಾದ್ ಕೋಟೆ ಇರಬೇಕು. 1792ರಲ್ಲಿ ಟಿಪ್ಪು ಕಟ್ಟಿಸಿದ ಆ ಎಂಟು ಮೂಲೆಯ ಕೋಟೆಗೆ ಮಂಜಿನಿಂದಲೇ ಹೆಸರು ಬಂತೆಂಬುದು ಸಕಲೇಶಪುರದವರ ಮಾತು. ಈ ಹೊತ್ತಿನಲ್ಲಿ ಕೋಟೆಯೇ ಕಾಣದಿರುವುದರಿಂದ ಆ ಮಾತನ್ನು ನಂಬುವುದು ಸುಲಭ.

ಒಂದು ಅರೇಬಿಕಾ ಎಲೆ. ಅದರ ಚೂಪು ತುದಿಯಲ್ಲಿ ಒಂದು ಹನಿ. ಉಬ್ಬುತ್ತದೆ, ಜೋಲುತ್ತದೆ, ಇನ್ನೇನು ಬಿತ್ತು ಅನ್ನುವಾಗ ತಡೆದು ನಿಲ್ಲುತ್ತದೆ. ಕೆಳಗಿನಿಂದ ಅದನ್ನು ಎಳೆಯುತ್ತಿರುವುದು ಇಡೀ ಭೂಮಿ. ಈ ಬೆಟ್ಟಸಾಲು, ಅದರಾಚೆಯ ಕಡಲು, ಕಾಲಡಿಯ ಆರು ಸಾವಿರ ಚಿಲ್ಲರೆ ಕಿಲೋಮೀಟರ್ ಕಲ್ಲು ಕಬ್ಬಿಣ ಎಲ್ಲ ಸೇರಿ. ಮೇಲಿನಿಂದ ಹಿಡಿದಿರುವುದು ಎಲೆಯಂಚಿನ ಒಂದಿಷ್ಟು ಅಣುಗಳು. ಹಗ್ಗಜಗ್ಗಾಟ ಮಾತ್ರ ಸಮಸಮ.

ಲೋಕದ ಎಲ್ಲ ಎಳೆದಾಟ ತಳ್ಳಾಟಗಳೂ ನಾಲ್ಕೇ ಬಲಗಳ ಕೆಲಸ ಎನ್ನುತ್ತದೆ ಭೌತವಿಜ್ಞಾನ. ಅದರಲ್ಲಿ ಎರಡು ಈ ಹನಿಯಲ್ಲೇ ಎದುರುಬದುರು ನಿಂತಿವೆ. ಎಳೆಯುವುದು ಗುರುತ್ವ. ಹಿಡಿದಿಡುವುದು ವಿದ್ಯುತ್ಕಾಂತ ಬಲ: ಮಿಂಚಿನದ್ದು, ಮೋಟಾರಿನದ್ದು, ಹಾಗೆಯೇ ನೀರಿನ ಅಣು ನೀರಿನ ಅಣುವಿಗೆ ಅಂಟುವುದರದ್ದೂ. ಒಂದು ಪ್ರೋಟಾನು, ಒಂದು ಎಲೆಕ್ಟ್ರಾನಿನ ನಡುವೆ ಲೆಕ್ಕ ಹಾಕಿದರೆ ವಿದ್ಯುತ್ತಿನ ಸೆಳೆತ ಗುರುತ್ವಕ್ಕಿಂತ ಎಷ್ಟು ಪಟ್ಟು ಹೆಚ್ಚು ಗೊತ್ತೇ? 1ರ ಮುಂದೆ 39 ಸೊನ್ನೆ ಬರೆಯಬೇಕು. ಅಷ್ಟು ಬಡಕಲು ಗುರುತ್ವ ಬೆಟ್ಟ ನದಿಗಳನ್ನೆಲ್ಲ ಆಳುವುದು ಹೇಗೆಂದರೆ, ವಿದ್ಯುತ್ತಿನಲ್ಲಿ ಧನ ಋಣ ಎರಡೂ ಇದ್ದು ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಗುರುತ್ವಕ್ಕೆ ಕಳೆಯುವ ಲೆಕ್ಕ ಗೊತ್ತಿಲ್ಲ, ಬರೀ ಕೂಡುವುದು. ಹನಿ ಹನಿ ಕೂಡಿಸಿಟ್ಟ ಬಡವನ ಗಂಟು ಅದು.

ಟಪ್. ಹನಿ ಬಿತ್ತು.

ಘಟ್ಟದ ಅಂಚಿನಲ್ಲಿ ಗುರುತ್ವದ ದರ್ಬಾರು ಕಣ್ಣಿಗೇ ಕಾಣುತ್ತದೆ. ಬಿಸಿಲೆ ಕಡೆಯ ಮಂಕನಹಳ್ಳಿಯ ಏಣಿನ ಮೇಲೆ ಬಿದ್ದ ಮಳೆ ಪೂರ್ವಕ್ಕೆ ಹೊರಳಿದರೆ ಕಾವೇರಿಯ ಪಾಲು, ಬಂಗಾಳ ಕೊಲ್ಲಿಯವರೆಗೂ ಪಯಣ. ಗೇಣುದ್ದ ಪಶ್ಚಿಮಕ್ಕೆ ವಾಲಿದರೆ ಕುಮಾರಧಾರೆ, ಉಪ್ಪಿನಂಗಡಿಯಲ್ಲಿ ನೇತ್ರಾವತಿ, ಮಂಗಳೂರಿನ ಅರಬ್ಬಿ ಸಮುದ್ರ. ಎರಡು ಕಡಲುಗಳ ನಡುವಿನ ಈ ತೀರ್ಪು ಕೊಡುವುದು ಒಂದಿಷ್ಟು ಇಳಿಜಾರು, ಅಷ್ಟೇ.

ಆಲೂರಿನ ಕಡೆಯಿಂದ ಬಂದ ರೈಲು ಸಕಲೇಶಪುರ ದಾಟಿದ ಮೇಲೆ ಓಡುವುದಿಲ್ಲ, ಇಳಿಯುತ್ತದೆ. ಸುಬ್ರಹ್ಮಣ್ಯ ರಸ್ತೆಯವರೆಗಿನ 55 ಕಿಲೋಮೀಟರಿನಲ್ಲಿ 57 ಸುರಂಗ, ನೂರಕ್ಕೂ ಮೀರಿದ ಸೇತುವೆ. ಐವತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಕೆಳಗೆ. ಇಲ್ಲಿ ಎಂಜಿನ್ನಿಗಿಂತ ಬ್ರೇಕಿಗೆ ಕೆಲಸ ಜಾಸ್ತಿ. ಬ್ರೇಕು ಅಂದರೇನು, ಲೋಹಕ್ಕೆ ಉಜ್ಜಿ ಹಿಡಿದ ಅಣುಗಳ ಜಗಳ, ಮತ್ತದೇ ವಿದ್ಯುತ್ಕಾಂತ ಬಲ. ಎಲೆಯ ಮೇಲಿನ ಹನಿಯ ಕತೆಯೇ ಸಾವಿರಾರು ಟನ್ನಿನ ಗೂಡ್ಸ್ ಗಾಡಿಯಾಗಿ ದೋಣಿಗಲ್ಲಿನ ತಿರುವಿನಲ್ಲಿ ಕಿರ್‍ರೆನ್ನುತ್ತಾ ಇಳಿಯುತ್ತದೆ.

ಆ ಹಿಡಿತ ಬಿಟ್ಟುಹೋಗುವುದೂ ಉಂಟು. 2024ರ ಜುಲೈ ಕೊನೆಯಲ್ಲಿ ಎಡಕುಮಾರಿ, ಕಡಗರವಳ್ಳಿ ನಡುವೆ ಹಳಿಯಡಿಯ ಮಣ್ಣೇ ಜಾರಿತು, ರೈಲುಗಳು ದಿನಗಟ್ಟಲೆ ನಿಂತವು. ಗುರುತ್ವ ಆ ವಾರವೇನೂ ಹೆಚ್ಚಾಗಿರಲಿಲ್ಲ. ಮಣ್ಣಿನ ಕಣಗಳ ನಡುವೆ ನೀರು ತುಂಬಿ ಒಂದನ್ನೊಂದು ಹಿಡಿದಿದ್ದ ಕೈ ಸಡಿಲವಾಗಿತ್ತು. ಇಳಿಜಾರಿನ ಬುಡವನ್ನು ರಸ್ತೆಗೋ ಹಳಿಗೋ ನೆಟ್ಟಗೆ ಕಡಿದರೆ ಆ ಕೈ ಇನ್ನೂ ಬೇಗ ಸೋಲುತ್ತದೆ. ಕಡಿದವರು ನಾವು, ಕೆಟ್ಟ ಹೆಸರು ಮಳೆಗೆ.

ಹತ್ತು ಗಂಟೆಗೆ ಮಂಜು ಹರಿದು ಕಣದ ಮೇಲೆ ಬಿಸಿಲು ಬಿತ್ತು. ತಾಡಪಾಲು ಸರಿಸಿ ಹೆಂಗಸರು ಪಾರ್ಚ್‌ಮೆಂಟ್ ಕಾಫಿಯನ್ನು ಹರಡಿದರು. ಒಬ್ಬಾಕೆ ಕಾಲಲ್ಲೇ ಸಾಲು ಎಳೆಯುತ್ತಾ ನಡೆದಳು. ಒದ್ದೆ ಬೀಜದ ಹುಳಿವಾಸನೆ ಅಂಗಳ ತುಂಬಿತು. ಮೂರನೆಯ ಬಲ ಬಂದು ತಲುಪುವುದು ಇಲ್ಲಿ, ಬಿಸಿಲಾಗಿ.

ಪ್ರೋಟಾನುಗಳೆಲ್ಲ ಧನ ವಿದ್ಯುತ್ತಿನವು, ಹತ್ತಿರ ಬಂದರೆ ಒಂದನ್ನೊಂದು ದೂಡುತ್ತವೆ. ಆದರೆ ಮಿಲಿಮೀಟರಿನ ಲಕ್ಷ ಕೋಟಿಯಲ್ಲಿ ಒಂದು ಪಾಲಿನಷ್ಟು ಸಮೀಪ ಬಂದವೋ, ಪ್ರಬಲ ಬಲ ಕಚ್ಚಿ ಹಿಡಿಯುತ್ತದೆ. ಆಚೆಗೆ ಅದರ ಕೈ ಚಾಚುವುದಿಲ್ಲ; ಮನೆಯೊಳಗೆ ಹುಲಿ, ಅಂಗಳದಲ್ಲಿ ಅದರ ಸುಳಿವೂ ಇಲ್ಲ. ಸೂರ್ಯನ ಒಡಲಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಹೈಡ್ರೋಜನ್ ಹೀಗೆ ಬೆಸೆದು ಹೀಲಿಯಂ ಆಗುತ್ತದೆ. ಅದರಲ್ಲಿ 40 ಲಕ್ಷ ಟನ್ನಿನಷ್ಟು ದ್ರವ್ಯ ಬೆಳಕು ಶಾಖವಾಗಿ ಹೊರಟುಬಿಡುತ್ತದೆ. ಆ ಬೆಳಕಿನ ಒಂದು ಚಿಟಿಕೆ ಈ ಕಣದ ಪಾಲಿಗೆ.

ಈ ಬೆಸುಗೆಗೆ ಮೊದಲು ಪ್ರೋಟಾನೊಂದು ನ್ಯೂಟ್ರಾನಾಗಿ ವೇಷ ಬದಲಿಸಬೇಕು. ಅದು ನಾಲ್ಕನೆಯದಾದ ದುರ್ಬಲ ಬಲದ ಕೆಲಸ, ತೀರ ನಿಧಾನದ್ದು. ಆ ಸೋಮಾರಿತನದಿಂದಲೇ ಸೂರ್ಯ 460 ಕೋಟಿ ವರ್ಷ ಉರಿದೂ ಮುಗಿದಿಲ್ಲ. ಹೆಸರು ದುರ್ಬಲ ಎಂದಿದ್ದರೂ ಕಣಗಳ ಲೋಕದಲ್ಲಿ ಇದು ಗುರುತ್ವಕ್ಕಿಂತ ಎಷ್ಟೋ ಗಟ್ಟಿ. ನಾಮಕರಣ ಮಾಡಿದವರು ಗುರುತ್ವವನ್ನು ಪಂಕ್ತಿಯಲ್ಲೇ ಕೂರಿಸಿಕೊಳ್ಳಲಿಲ್ಲ. ಬಿಸಿಲಿನ ಜೊತೆ ಬರುವ ನ್ಯೂಟ್ರಿನೋಗಳು ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಸೆಕೆಂಡಿಗೆ 6000 ಕೋಟಿ ತೂರಿಹೋಗುತ್ತವೆ, ಬೀಜಕ್ಕೂ ತಾಗದೆ, ಬೆಟ್ಟಕ್ಕೂ ತಾಗದೆ. ಗಾಳಿಯಲ್ಲಿ ಹುಟ್ಟುವ ಅವುಗಳ ಬಂಧುಗಳನ್ನು 1965ರಲ್ಲಿ ಮೊದಲಿಗೆ ಗುರುತಿಸಿದವರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯೊಳಗೆ, ಎರಡು ಕಿಲೋಮೀಟರಿಗೂ ಆಳದಲ್ಲಿ ಕಾದು ಕೂತ ತಂಡವೂ ಒಂದು. ಬಿ.ವಿ. ಶ್ರೀಕಂಠನ್ ಅದರಲ್ಲಿದ್ದರು.

ಅಷ್ಟು ಆಳಕ್ಕೆ ಹೋಗದೆಯೂ ದುರ್ಬಲ ಬಲವನ್ನು ನೋಡಬಹುದು. ಕಣದ ಪಕ್ಕದ ಗೋದಾಮಿನಲ್ಲಿ ಪೊಟ್ಯಾಷ್ ಮೂಟೆಗಳ ಅಟ್ಟಿ. ಪ್ರಕೃತಿಯ ಪೊಟ್ಯಾಸಿಯಂನಲ್ಲಿ ಹತ್ತು ಸಾವಿರಕ್ಕೆ ಒಂದರಂತೆ ಅಸ್ಥಿರ ಪರಮಾಣು ಇರುತ್ತದೆ. 50 ಕಿಲೋ ಮೂಟೆಯೊಂದರಲ್ಲಿ ಪ್ರತಿ ಸೆಕೆಂಡಿಗೆ ಅಂಥ ಸುಮಾರು ಏಳೂವರೆ ಲಕ್ಷ ಪರಮಾಣುಗಳು ಸದ್ದಿಲ್ಲದೆ ರೂಪ ಬದಲಿಸುತ್ತಿರುತ್ತವೆ, ಹೆಚ್ಚಿನವು ಕ್ಯಾಲ್ಸಿಯಂ ಆಗಿ. ಹೆದರುವಂಥದ್ದೇನಲ್ಲ, ನಮ್ಮ ಮೈಯೊಳಗೂ ಸೆಕೆಂಡಿಗೆ ನಾಲ್ಕು ಸಾವಿರ ಹೀಗೆ ಬದಲಾಗುತ್ತವೆ. ಇದೇ ಬಲ ರುಬಿಡಿಯಂ ಪರಮಾಣುಗಳಲ್ಲಿ ಗಡಿಯಾರವಾಗಿ ನಡೆದು, ಹೇಮಾವತಿ ಹರಿದು ಸೇರುವ ಗೊರೂರಿನ ಬಂಡೆಗಳಿಗೆ ಸುಮಾರು 330 ಕೋಟಿ ವರ್ಷ ವಯಸ್ಸೆಂದು ಹೇಳಿಕೊಟ್ಟಿದೆ.

ಮೂಟೆಯ ಮೇಲೆ ಕೂತು ಚೆಕ್‌ರೋಲ್ ಬರೆಯುತ್ತಿದ್ದ ತೋಟದ ರೈಟರಿಗೆ ಇದನ್ನೆಲ್ಲ ಹೇಳಿದೆ. ಈ ಸೀಮೆಯಲ್ಲಿ ರೈಟರೆಂದರೆ ಅವರೇ, ನಾನಲ್ಲ.

"ಕ್ಯಾಲ್ಸಿಯಂ ಅಂದ್ರೆ ಸುಣ್ಣದಲ್ಲಿರೋದೇ ಅಲ್ವಾ ಸಾರ್?"

"ಅದೇ."

"ಪೂರ್ತಿ ಆಗಕ್ಕೆ ಎಷ್ಟು ದಿನ?"

"ಆ ಹತ್ತು ಸಾವಿರಕ್ಕೊಂದರಲ್ಲೂ ಅರ್ಧ ಬದಲಾಗಕ್ಕೇ 125 ಕೋಟಿ ವರ್ಷ."

ಅವರು ಪೆನ್ನಿನ ತುದಿ ಕಚ್ಚಿ ಯೋಚಿಸಿದರು. ಕಣದ ಕಡೆಯಿಂದ ಯಾರೋ ಕೂಗಿದ್ದಕ್ಕೆ ಎದ್ದು, ಪಂಚೆ ಕೊಡವಿಕೊಂಡು ಹೊರಟರು.

"ಹಂಗಾರೆ ಸೋಮವಾರ ಸುಣ್ಣದ ಲೋಡು ತರಿಸ್ಕಂಬುಡ್ತೀನಿ ಬಿಡಿ."