ಕೈಯಲ್ಲಿನ ಫೋನು, ವಿರಾಮದ ಎರಡು ತಾಸು

ಮುಂಬಯಿ ಕೋಟೆ ವಿಭಾಗದ ದೊಡ್ಡ ಅಂಚೆ ಕಚೇರಿಯ ಗುಮ್ಮಟವನ್ನು ಕಂಡ ಕನ್ನಡಿಗನಿಗೆ ವಿಜಾಪುರದ ಗೋಳಗುಮ್ಮಟದ ನೆನಪಾದರೆ ಅದರಲ್ಲಿ ಆಶ್ಚರ್ಯವಿಲ್ಲ. 1913ರಲ್ಲಿ ಪೂರ್ಣಗೊಂಡ ಆ ಕಟ್ಟಡಕ್ಕೆ ವಾಸ್ತುಶಿಲ್ಪಿ ಜಾನ್ ಬೆಗ್ ಮಾದರಿಯಾಗಿ ಇಟ್ಟುಕೊಂಡದ್ದು ಗೋಳಗುಮ್ಮಟವನ್ನೇ. ನಮ್ಮ ಹೋಟೆಲು ಬಂಧುಗಳ ಎರಡು ಮೂರು ತಲೆಮಾರುಗಳು ಅಲ್ಲಿಯೂ, ಮಾಟುಂಗಾ, ದಾದರ ಮೊದಲಾದ ಕಡೆಗಳ ಅಂಚೆ ಕಿಂಡಿಗಳ ಮುಂದೆಯೂ ನಿಂತು ಊರಿಗೆ ಮನಿಯಾರ್ಡರು ಕಳುಹಿಸಿವೆ. ಬರೆಯಲು ಬಾರದವರಿಗೆ ದೊಡ್ಡ ಕಚೇರಿಯ ಎದುರು ಕುಳಿತಿರುತ್ತಿದ್ದ ಪತ್ರಲೇಖಕರು ಫಾರಮು ತುಂಬಿಕೊಡುತ್ತಿದ್ದರು.

1880ರಲ್ಲಿ ಅಂಚೆ ಇಲಾಖೆ ಆರಂಭಿಸಿದ ಈ ಮನಿಯಾರ್ಡರಿನ ಫಾರಮಿನಲ್ಲಿ ಒಕ್ಕಣೆಗೆಂದು ಇದ್ದ ಜಾಗ ಅಂಗೈಯಗಲವೂ ಇಲ್ಲ. ಕ್ಷೇಮ ಸಮಾಚಾರ, ಗದ್ದೆಯ ಬಾಬ್ತು, ತಂಗಿಯ ಶಾಲೆಯ ಫೀಸು, ಅಜ್ಜಿಯ ಕಷಾಯದ ಖರ್ಚು ಎಲ್ಲವೂ ಅಷ್ಟರಲ್ಲಿಯೇ ಅಡಕವಾಗಬೇಕಿತ್ತು. ಕೆಲವು ದಿನಗಳ ಮೇಲೆ ಸ್ವೀಕೃತಿಯ ತುಂಡು ತಾಯಿಯ ಹೆಬ್ಬೆಟ್ಟಿನ ಗುರುತನ್ನು ಹೊತ್ತು ಮರಳುತ್ತಿತ್ತು. ಅದನ್ನು ಟ್ರಂಕಿನ ತಳದಲ್ಲಿ ಜೋಡಿಸಿಟ್ಟುಕೊಂಡವರು ನಮ್ಮಲ್ಲಿ ಅನೇಕರು. ಲೆಕ್ಕದ ಪುಸ್ತಕವೂ ಅದೇ, ತಾಯಿಯ ಕಾಗದವೂ ಅದೇ.

ಹಳೆಯದೆಲ್ಲ ಹೊನ್ನೆಂದು ಸಾರುವುದು ನಮ್ಮ ಉದ್ದೇಶವಲ್ಲ. ನೂರು ರೂಪಾಯಿ ಕಳುಹಿಸಲು ಐದು ರೂಪಾಯಿ ತೆರಬೇಕಾಗಿದ್ದ ಕಾಲವನ್ನು ಮರಳಿ ಬಯಸುವವರಾರು? ತಂತಿಯವನು ಹೋಟೆಲಿನ ಬಾಗಿಲಿಗೆ ಬಂದರೆ ಗಲ್ಲೆಯಲ್ಲಿ ಕುಳಿತ ಧಣಿಗಳ ಮುಖವೂ ಕಪ್ಪಿಡುತ್ತಿತ್ತು. ಸುದ್ದಿ ತಲುಪುವಾಗ ಊರಿನಲ್ಲಿ ಚಿತೆ ಆರಿರುತ್ತಿದ್ದುದೂ ಉಂಟು. ಆ ತಂತಿ ಸೇವೆ 2013ರ ಜುಲೈಯಲ್ಲಿ ಕೊನೆಗೊಂಡಿತು. ಕಾಗದದ ಮನಿಯಾರ್ಡರು 2015ರಲ್ಲಿ ವಿದ್ಯುನ್ಮಾನ ರೂಪಕ್ಕೆ ಎಡೆಗೊಟ್ಟಿತು. ಅವುಗಳಿಗಾಗಿ ಕಣ್ಣೀರಿಡಬೇಕಾಗಿಲ್ಲ. ಆದರೆ ಆ ಕಾಲದ ಒಂದು ಅಭ್ಯಾಸ ಅವುಗಳ ಜೊತೆಯಲ್ಲಿಯೇ ಹೋಗಿಬಿಟ್ಟಿತಲ್ಲ, ಅದು ನಮಗೆ ಚಿಂತೆಯ ವಿಷಯವಾಗಿದೆ. ಊರಿನ ಕಾಗದಕ್ಕೆ ಒಂದು ಹೊತ್ತು ಗೊತ್ತಿತ್ತು. ವಾರಕ್ಕೊಮ್ಮೆ, ಮಧ್ಯಾಹ್ನ ಊಟದ ಗಿರಾಕಿಗಳು ತೆರಳಿ ಸಂಜೆಯ ಚಹಾಕ್ಕೆ ಜನ ಬರುವ ನಡುವಿನ ವಿರಾಮದಲ್ಲಿ, ಬರೆದು ಡಬ್ಬಿಗೆ ಹಾಕಿದರೆ ಮುಗಿಯಿತು. ಉಳಿದ ದಿನಗಳ ವಿರಾಮ ಅವನ ಸ್ವಂತದ್ದು.

ಆ ಸ್ವಂತದ ಹೊತ್ತಿನ ಬೆಲೆಯನ್ನು ಮುಂಬಯಿ ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ನಡೆಸಿದ ರಾತ್ರಿಶಾಲೆಗಳು ನಿಂತದ್ದು ಅದರ ಮೇಲೆ. ಹಗಲೆಲ್ಲ ಮೇಜು ಒರೆಸಿದ ಹುಡುಗ ವಿರಾಮದಲ್ಲಿ ಪಾಠ ಓದಿಕೊಂಡು ರಾತ್ರಿ ಬೆಂಚಿನ ಮೇಲೆ ಕುಳಿತ. ಗುಮಾಸ್ತನಾದ, ವಕೀಲನಾದ, ತಾನೇ ಹೋಟೆಲು ತೆರೆದ.

ಬಳಿಕ ಬಂದದ್ದು ಎಸ್.ಟಿ.ಡಿ. ಬೂತುಗಳ ಕಾಲ. ರಾತ್ರಿ ಹನ್ನೊಂದರ ಮೇಲೆ ಕಾಲುಭಾಗ ದರವಾದುದರಿಂದ, ಹೋಟೆಲು ಮುಚ್ಚಿ ಬಂದವರ ಸಾಲು ಬೂತಿನ ಮುಂದೆ ಬೆಳೆಯುತ್ತಿತ್ತು. ಕಣ್ಣೆದುರು ಕೆಂಪು ಅಂಕೆಗಳು ಓಡುತ್ತಿರುವಾಗ ಮಾತನ್ನು ಹಾಳು ಮಾಡುವ ಧೈರ್ಯ ಯಾರಿಗಿತ್ತು? ಹೇಳಬೇಕಾದುದನ್ನು ಬಿಲ್ಲಿನ ಚೀಟಿಯ ಹಿಂಬದಿಯಲ್ಲಿ ಗೀಚಿಕೊಂಡೇ ಒಳಗೆ ಹೋಗುತ್ತಿದ್ದರು. ಮೊಬೈಲು ಫೋನು ಭಾರತಕ್ಕೆ 1995ರಲ್ಲಿ ಬಂದರೂ, ಬಂದ ಕರೆಗೂ ಹಣ ತೆರಬೇಕಾಗಿದ್ದುದರಿಂದ ಬಹುಕಾಲ ಅದು ಧಣಿಗಳ ಜೇಬಿನಲ್ಲಿಯೇ ಉಳಿಯಿತು. 2003ರಲ್ಲಿ ಒಳಬರುವ ಕರೆ ಉಚಿತವಾಯಿತು. ಮಿಸ್ಡ್ ಕಾಲ್ ಎಂಬ ಸೋಜಿಗದ ಭಾಷೆಯನ್ನು ನಮ್ಮ ಹುಡುಗರು ಕಲಿತದ್ದು ಆಗಲೇ: ಒಮ್ಮೆ ಗಂಟೆ ಬಾರಿಸಿ ನಿಲ್ಲಿಸಿದರೆ ತಲುಪಿದೆನೆಂದು, ಎರಡು ಬಾರಿ ಬಾರಿಸಿದರೆ ತಿರುಗಿ ಮಾಡೆಂದು. ಮಿತವ್ಯಯದಲ್ಲಿ ಮುಂಬಯಿಯ ಮಾಣಿಯನ್ನು ಮೀರಿಸುವವರಿಲ್ಲವೆಂಬುದು ಇದರಿಂದಲೂ ಸಿದ್ಧವಾಗುತ್ತದೆ.

ಈಗ ಮಾತಿಗೆ ದರವೇ ಇಲ್ಲವೆನ್ನುವಂತಾಗಿದೆ, ಹೋಗುತ್ತಿರುವುದು ಹೊತ್ತು. ಮೂರು ಗಂಟೆಗೆ ಅಂಗಿ ಕಳಚಿ ಚಾಪೆಯ ಮೇಲೆ ಒರಗಿದವನು ಊರಿನ ವಾಟ್ಸಾಪು ಗುಂಪಿನ ಶುಭೋದಯಗಳನ್ನು ಸರಿಸುತ್ತ, ಬೆರಳಿನಿಂದ ಒಂದರ ಮೇಲೊಂದು ಚಿತ್ರವನ್ನು ನೂಕುತ್ತ ಐದು ಗಂಟೆ ಮಾಡಿಕೊಳ್ಳುತ್ತಾನೆ. ನಿದ್ದೆಯೂ ಇಲ್ಲ, ಓದೂ ಇಲ್ಲ, ತಾಯಿಯೊಡನೆ ನಾಲ್ಕು ಮಾತೂ ಇಲ್ಲ. ಕಚೇರಿಯ ಗುಮಾಸ್ತ ಬಂಧುಗಳ ಅವಸ್ಥೆ ಬೇರೆಯಲ್ಲ. ಡೊಂಬಿವಲಿಯ ಲೋಕಲಿನಲ್ಲಿ ನೇತಾಡುವಾಗಲೂ ಸಾಹೇಬರ ಸಂದೇಶ ಜೇಬಿನೊಳಗೆ ಗುರುಗುಟ್ಟುತ್ತಿರುತ್ತದೆ.

ಯಂತ್ರವನ್ನು ಸಮುದ್ರಕ್ಕೆಸೆಯಿರೆಂದು ನಾವು ಹೇಳಲಾರೆವು. ಕಾಗದಕ್ಕಿದ್ದ ಗೊತ್ತಾದ ಹೊತ್ತನ್ನು ಅದಕ್ಕೂ ವಿಧಿಸಬಹುದು. ಇಂಥ ಗಂಟೆಗೆ ಕರೆ ಮಾಡುವೆನೆಂದು ಊರಿಗೆ ತಿಳಿಸಿಟ್ಟರೆ ಅಮ್ಮನೂ ಆ ಹೊತ್ತಿಗೆ ಹಟ್ಟಿಯ ಕೆಲಸ ಮುಗಿಸಿ ಕಾದಿರುತ್ತಾಳೆ. ಕೇಳಬೇಕಾದುದನ್ನು ಬೂತಿನ ಕಾಲದಂತೆ ಬರೆದಿಟ್ಟುಕೊಂಡರೆ, ಔಷಧ ತಂದಾಯಿತೇ ಎಂಬುದು ಫೋನು ಇಟ್ಟ ಮೇಲೆ ನೆನಪಾಗುವ ಪ್ರಮೇಯವಿಲ್ಲ. ಗುಂಪುಗಳ ಸದ್ದನ್ನು ಅಡಗಿಸಿಡಲು ಫೋನಿನಲ್ಲಿಯೇ ಏರ್ಪಾಡಿದೆ. ಓದು ಬರಹದಲ್ಲಿ ಹಿಂದುಳಿದವರು ಕನ್ನಡದಲ್ಲಿ ಆಡಿದ ಮಾತು ಅಕ್ಷರವಾಗಿ ಮೂಡುವ ಸೌಕರ್ಯವನ್ನು ಬಳಸಿ ನೋಡಬೇಕು. ಉಚ್ಚಾರ ಸ್ಪಷ್ಟವಿದ್ದರೆ ಸಾಕು, ಅದು ಬಹುಮಟ್ಟಿಗೆ ತಪ್ಪದೆ ಬರೆಯುತ್ತದೆ.

ಹಣದ ವಿಷಯದಲ್ಲಿ ಮಾತ್ರ ಇನ್ನಷ್ಟು ಎಚ್ಚರ ಬೇಕು. 2016ರಲ್ಲಿ ಬಂದ ಯು.ಪಿ.ಐ. ಕ್ಷಣಾರ್ಧದಲ್ಲಿ ಸಂಬಳವನ್ನು ಕುಂದಾಪುರಕ್ಕೆ ಮುಟ್ಟಿಸುತ್ತದೆ. ಹೆಬ್ಬೆಟ್ಟಿನ ಗುರುತನ್ನು ತರುವುದಿಲ್ಲ. ಕಳುಹಿಸಿದ ದಿನ, ಮೊತ್ತ, ಕಾರಣಗಳನ್ನು ಚಿಕ್ಕ ಪುಸ್ತಕದಲ್ಲಿ ಬರೆದಿಡುವವನಿಗೆ ಅಣ್ಣತಮ್ಮಂದಿರ ನಡುವೆ ಮುಂದೆ ತಕರಾರು ಹುಟ್ಟಿದಾಗ ಬಾಯಿ ನೋಯಿಸಿಕೊಳ್ಳಬೇಕಾಗುವುದಿಲ್ಲ. ಹಣ ಪಡೆಯುವುದಕ್ಕೆ ಗುಪ್ತಸಂಖ್ಯೆಯನ್ನು ಒತ್ತಬೇಕಾಗಿಲ್ಲ. ಒತ್ತಿರಿ ಎನ್ನುವವನು ಕಳ್ಳ. ಮೋಸ ಹೋದವರು ನಾಚಿಕೊಂಡು ಕುಳಿತರೆ ಹಣ ಕೈದಾಟುತ್ತದೆ. ಆ ಗಳಿಗೆಯಲ್ಲಿಯೇ 1930ಕ್ಕೆ ಫೋನು ಮಾಡಬೇಕು.

ಯಂತ್ರ ನಮ್ಮ ಆಳಾಗಿ ದುಡಿಯುವ ಸಂದರ್ಭಗಳೂ ಇವೆ. ಚೌತಿಗೆ ಊರಿಗೆ ಹೋಗಲು ಮತ್ಸ್ಯಗಂಧದಲ್ಲಿ ಜಾಗ ಬೇಕಾದವರು ಗಮನಿಸಬೇಕು: 2024ರ ನವೆಂಬರಿನಿಂದ ಮುಂಗಡ ಟಿಕೆಟು ಪ್ರಯಾಣದ ದಿನಕ್ಕೆ 60 ದಿನ ಮೊದಲು, ಬೆಳಿಗ್ಗೆ ಎಂಟಕ್ಕೆ ತೆರೆಯುತ್ತದೆ. ಪಂಚಾಂಗ ನೋಡಿ, ಹಿಂದಕ್ಕೆ ಎಣಿಸಿ, ಆ ದಿನ ಗಂಟೆ ಬಾರಿಸುವಂತೆ ಫೋನಿಗೆ ಇಂದೇ ಹೇಳಿಡಬಹುದು. ಎಂಟು ಗಂಟೆಯೆಂದರೆ ಹೋಟೆಲಿನಲ್ಲಿ ಇಡ್ಲಿಯ ಗಿರಾಕಿಗಳ ನೂಕುನುಗ್ಗಲು. ಆದುದರಿಂದ ಆಧಾರಿಗೆ ಜೋಡಿಸಿದ ಖಾತೆಯುಳ್ಳ ಎರಡನೆಯ ಪಾಳಿಯ ಮಿತ್ರನೊಬ್ಬನಿಗೆ ಹೆಸರು, ವಯಸ್ಸು, ತಾರೀಖುಗಳನ್ನು ಹಿಂದಿನ ರಾತ್ರಿಯೇ ಬರೆದು ಕಳುಹಿಸಿಟ್ಟಿರುವುದು ಮೇಲು.