ಸಂಗೀತ ನಿಂತಾಗ ಶುರುವಾದ ಚೇಸ್

ಸುಮಾರು ಹತ್ತು ನಿಮಿಷದ ಕಾರ್ ಚೇಸ್. ಒಂದೇ ಒಂದು ಡೈಲಾಗ್ ಇಲ್ಲ!

1968ರ ಸಿನಿಮಾ ‘ಬುಲ್ಲಿಟ್’. ಊರು ಸ್ಯಾನ್ ಫ್ರಾನ್ಸಿಸ್ಕೋ. ಹಸಿರು ಫೋರ್ಡ್ ಮಸ್ಟಾಂಗ್‌ನಲ್ಲಿ ಪೊಲೀಸ್ ಪಾತ್ರದಲ್ಲಿ ನಟ ಸ್ಟೀವ್ ಮೆಕ್ವೀನ್. ಕಪ್ಪು ಡಾಡ್ಜ್ ಚಾರ್ಜರ್‌ನಲ್ಲಿ ಇಬ್ಬರು ಸುಪಾರಿ ಹಂತಕರು.

ಚಾರ್ಜರ್ ಓಡಿಸೋನು ಸೀಟ್ ಬೆಲ್ಟ್ ಬಿಗಿದುಕೊಳ್ತಾನೆ. ಟೈರ್ ಕಿರುಚುತ್ತೆ. ಹಿನ್ನೆಲೆ ಸಂಗೀತ ಬಂದ್! ಅಲ್ಲಿಂದಾಚೆ ವಿ8 ಎಂಜಿನ್‌ಗಳ ಗುಡುಗೇ ಸಂಗೀತ.

ಕಡಿದಾದ ಇಳಿಜಾರಲ್ಲಿ ಕಾರುಗಳು ನೆಲ ಬಿಟ್ಟು ಹಾರ್ತವೆ. ಬಿದ್ದಾಗ ಮುರೀಬಾರದು ಅಂತ ಸಸ್ಪೆನ್ಷನ್ ಮೊದಲೇ ಗಟ್ಟಿ ಮಾಡಿದ್ರು. ಈ ಚಿತ್ರದ ಎಡಿಟಿಂಗ್‌ಗೆ ಫ್ರಾಂಕ್ ಕೆಲ್ಲರ್ ಆಸ್ಕರ್ ಗೆದ್ದರು.

ಆದರೂ ಒಂದು ಎಡವಟ್ಟು ಉಳೀತು: ಒಂದೇ ಹಸಿರು ಬೀಟಲ್ ಕಾರನ್ನ ಎರಡೂ ಕಾರಿನವರು ಮತ್ತೆ ಮತ್ತೆ ಓವರ್‌ಟೇಕ್ ಮಾಡ್ತಾರೆ! ಒಂದೇ ಓಟವನ್ನ ಬೇರೆ ಬೇರೆ ಕ್ಯಾಮೆರಾದಿಂದ ತೋರಿಸಿದ ಫಲ.

ಎಷ್ಟು ಸಲ? ನೋಡಿ, ಎಣಿಸಿ!